ಫ್ಲಾಪಿ ಕಸಕ್ಕೆ ಹಾಕ್ಬೇಡಿ, ಬೇಕಾದವರಿಗೆ ಕೊಡಿ

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರ್ಕೊಂಡಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ಫ್ಲಾಪಿ, ಅಂದ್ರೆ ಪೆನ್‌ಡ್ರೈವಿಗೂ ಮುಂಚೆ ಕಂಪ್ಯೂಟರಿನ ಫೈಲು ಇಡ್ತಿದ್ದ ಚಪ್ಪಟೆ ಡಿಸ್ಕಿನ ಮಾತು. ಹೋದ ಸಂಚಿಕೆ ಕೆಳಗೆ ಒಬ್ರು ಬರೆದಿದ್ದಾರೆ: "ಸರ್, ನಮ್ಮ ಹಳೇ ಡಿಟಿಪಿ ಸೆಂಟರ್ ಖಾಲಿ ಮಾಡುವಾಗ ಮೂರು ಡಬ್ಬ ಫ್ಲಾಪಿ ಸಿಕ್ತು. ಗುಜರಿಯವನೂ ಬೇಡ ಅಂದ. ಕಸದ ಗಾಡಿಗೆ ಹಾಕಿದ್ವಿ." ಅದರ ಕೆಳಗೆ ಸಾಲಾಗಿ ನಗೋ ಮುಖಗಳು. ನನಗೆ ಮಾತ್ರ ಹೊಟ್ಟೆ ಉರೀತು.

ಹೊಸ ಫ್ಲಾಪಿ ಬರ್ತಿಲ್ಲ ಕಣ್ರೀ! ಇದೊಂದು ಮಾತು ತಲೇಲಿಟ್ಕೊಳ್ಳಿ. ಸೋನಿ ಕಂಪನಿ 2011ರ ಮಾರ್ಚಿಗೆ ಜಪಾನಿನಲ್ಲಿ ಮಾರಾಟ ನಿಲ್ಲಿಸ್ತು. ಕ್ಯಾಲಿಫೋರ್ನಿಯಾದಲ್ಲಿ ಫ್ಲಾಪಿಡಿಸ್ಕ್ ಡಾಟ್ ಕಾಮ್ ಅಂತ ಇವತ್ತಿಗೂ ಫ್ಲಾಪಿ ಮಾರೋರು ಇದ್ದಾರೆ. ಅವರು ಮಾರೋದೂ ಹಳೇ ದಾಸ್ತಾನು, ಜನ ಕಳಿಸಿಕೊಟ್ಟ ಬಳಸಿದ ಡಿಸ್ಕು. ಗ್ರಾಮಫೋನ್ ರೆಕಾರ್ಡನ್ನ ಈಗ ಮತ್ತೆ ಹೊಸದಾಗಿ ಒತ್ತುತಾರೆ. ಫ್ಲಾಪಿಗೆ ಆ ಭಾಗ್ಯ ಇಲ್ಲ. ನೀವು ಎಸೆದದ್ದು ಒಂದು ಕಡಿಮೆ ಆಯ್ತು ಅಂದ್ರೆ ಕಡಿಮೆ ಆಯ್ತು, ಅಷ್ಟೇ.

"ಯಾರಿಗ್ರೀ ಬೇಕು?" ಬೇಕಾದವರು ಬೇಕಾದಷ್ಟು ಜನ ಇದ್ದಾರೆ. ಕಮೊಡೋರ್ 64, ಅಮಿಗಾ 500, ಅಟಾರಿ ಎಸ್‌ಟಿ, ಬಿಬಿಸಿ ಮೈಕ್ರೊ, ಈ ಹಳೇ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡಿ ಇವತ್ತಿಗೂ ಓಡಿಸೋ ಹವ್ಯಾಸಿಗಳು. ಬಿಬಿಸಿ ಮೈಕ್ರೊ ನಮಗೂ ಹೊಸದಲ್ಲ. 1984ರಲ್ಲಿ ಶುರುವಾದ, ಶಾಲೆ ಮಕ್ಕಳಿಗೆ ಕಂಪ್ಯೂಟರ್ ಕಲಿಸೋ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಅದೇ ಯಂತ್ರ. ಆಗ ಅದರ ಮುಂದೆ ಕೂತಿದ್ದೋರು ಯಾರಾದ್ರೂ ಇದನ್ನ ಕೇಳ್ತಿದ್ರೆ ದಯವಿಟ್ಟು ಬರೀರಿ, ನಿಮ್ಮನ್ನ ಕೂರಿಸಿಕೊಂಡೇ ಒಂದು ಸಂಚಿಕೆ ಮಾಡೋಣ.

ಈಗ ಸ್ವಲ್ಪ ಗಮನ ಇಟ್ಟು ಕೇಳಿ. ಎಲ್ಲ ಫ್ಲಾಪಿನೂ ಒಂದೇ ಅಲ್ಲ. ಮೂರೂವರೆ ಇಂಚಿನದನ್ನ ಕೈಯಲ್ಲಿ ಹಿಡ್ಕೊಳ್ಳಿ. ಒಂದು ಮೂಲೇಲಿ ಸರಿಸೋ ಚಿಕ್ಕ ಕಪ್ಪು ಗುಂಡಿ ಇರೋ ಕಿಂಡಿ. ಅದರ ಎದುರು ಮೂಲೇಲೂ ಚೌಕ ಕಿಂಡಿ ಇದ್ರೆ ಅದು ಎಚ್‌ಡಿ, ಅಂದ್ರೆ ಹೈ ಡೆನ್ಸಿಟಿ, 1.44 ಎಂಬಿ. ಇಲ್ಲದಿದ್ರೆ ಡಿಡಿ, ಅಂದ್ರೆ ಡಬಲ್ ಡೆನ್ಸಿಟಿ, 720 ಕೆಬಿ. ಅಮಿಗಾದವರು, ಅಟಾರಿಯವರು ಹುಡುಕಿ ಹುಡುಕಿ ಸಾಯ್ತಿರೋದು ಈ ಡಿಡಿಗೆ! ಐದೂಕಾಲು ಇಂಚಿನದರಲ್ಲಿ ಕಷ್ಟ ಇನ್ನೂ ಜಾಸ್ತಿ. ಡಿಡಿ ಡಿಸ್ಕಿನ ಲೇಪಕ್ಕೆ ಬರೆಯೋಕೆ ಸುಮಾರು 300 ಓರ್ಸ್ಟೆಡ್ ಕಾಂತಬಲ ಸಾಕು, ಎಚ್‌ಡಿಗೆ ಅದರ ಎರಡರಷ್ಟು. ಫ್ಲಾಪಿ ಓದಿ ಬರೆಯೋ ಕಮೊಡೋರ್‌ನ ಹಳೇ ಡ್ರೈವಿಗೆ ಅಷ್ಟು ಜೋರು ಇಲ್ಲ. ಎಚ್‌ಡಿ ಹಾಕಿದ್ರೆ ಇವತ್ತು ಬರೆದಂಗೆ ಮಾಡುತ್ತೆ, ನಾಳೆ ಓದಲ್ಲ. ನೀವು "ಇದು ಇನ್ನೂ ಹಳೇದು, ಇನ್ನೂ ಕಡಿಮೆ ಜಾಗದ್ದು" ಅಂತ ಮೊದಲು ಎಸೆಯೋದೇ ಅವರಿಗೆ ಚಿನ್ನ.

ಇನ್ನೊಂದು. ಮೂರೂವರೆ ಇಂಚಿನದಾದ್ರೆ ಲೋಹದ ಮುಚ್ಚಳ ಸರಿಸಿ, ಮಧ್ಯದ ಗಟ್ಟಿ ಬಿಲ್ಲೆ ಹಿಡಿದು ನಿಧಾನ ತಿರುಗಿಸಿ, ಬೆಳಕಿಗೆ ಓರೆಯಾಗಿ ಹಿಡೀರಿ. ಬಿಳೀ ಚುಕ್ಕೆ, ಮಂಜು ಕೂತಂಥ ಕಲೆ ಕಂಡ್ರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ತೇವದಲ್ಲಿ ಸಾಮಾನ್ಯ. ಅಂಥದನ್ನ ಡ್ರೈವಿಗೆ ಹಾಕ್ಬೇಡಿ, ಡಿಸ್ಕು ಓದೋ ಹೆಡ್ಡು ಹಾಳಾಗುತ್ತೆ, ಡಿಸ್ಕೂ ಗೀಚಿಹೋಗುತ್ತೆ. ಹಾಗಂತ ಎಸೀಲೂ ಬೇಡಿ! ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಉಳಿಸ್ಕೊಳ್ಳೋರು ಇದ್ದಾರೆ. ಬೂಷ್ಟಿದೆ ಅಂತ ಚೀಟಿ ಅಂಟಿಸಿ ಕೊಡಿ.

"ಈಗ ಗೋಟೆಕ್ ಇದೆಯಲ್ಲ, ಪೆನ್‌ಡ್ರೈವನ್ನೇ ಫ್ಲಾಪಿ ಅಂತ ತೋರಿಸುತ್ತೆ." ಇದೆ, ನನ್ನ ಹತ್ರಾನೂ ಇದೆ, ಒಳ್ಳೇದು. ಆದ್ರೆ ಆ ಡ್ರೈವಿನ ಗರಗರ ಸದ್ದು ಕೇಳೋಕೆ ಅಂತಲೇ ಆ ಯಂತ್ರ ಇಟ್ಕೊಂಡಿರೋನಿಗೆ ಪೆನ್‌ಡ್ರೈವ್ ಕೊಟ್ಟು ಸಮಾಧಾನ ಮಾಡ್ತೀರಾ? "ಜಪಾನ್ ಸರ್ಕಾರವೇ 2024ರಲ್ಲಿ ಫ್ಲಾಪಿ ಬಿಟ್ಟಿತು." ಹೌದು, ಫ್ಲಾಪಿಯಲ್ಲೇ ಕೊಡಿ ಅಂತಿದ್ದ ಸಾವಿರಕ್ಕೂ ಹೆಚ್ಚು ನಿಯಮ ತೆಗೆದುಹಾಕ್ತು. ಕಚೇರಿಗಳು ಬಿಡ್ತಿರೋ ಹೊತ್ತಲ್ಲೇ ಡಬ್ಬಗಟ್ಟಲೆ ಡಿಸ್ಕು ಹೊರಗೆ ಬರೋದು. ಹಿಡ್ಕೊಳ್ಳೋಕೆ ಇದೇ ಸಮಯ!

ಬರೆದಿರೋ ಫ್ಲಾಪಿ ಇದ್ರೆ? ಮೊದಲು ಅದರಲ್ಲೇನಿದೆ ನೋಡಿಸಿ. ಅಮೆರಿಕದ ಹೆಸರಾಂತ ಚಿತ್ರಕಾರ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾದಲ್ಲಿ ಮಾಡಿದ್ದ ಚಿತ್ರಗಳು ಫ್ಲಾಪಿಗಳಲ್ಲೇ ಕೂತಿದ್ವು. ಅವನ್ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಹೊರಗೆ ತೆಗೆದ ಸುದ್ದಿ ಬಂದಿದ್ದು 2014ರಲ್ಲಿ. ತೆಗೆದೋರು ಹವ್ಯಾಸಿ ಹುಡುಗರು, ಅದನ್ನ ಮರೀಬೇಡಿ. ನಮ್ಮಲ್ಲೂ ಯುನಿಕೋಡ್ ಬಳಕೆಗೆ ಬರೋಕೆ ಮುಂಚೆ ಶ್ರೀಲಿಪಿ, ಬರಹ ಅನ್ನೋ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿ, ಫ್ಲಾಪಿ ಜೇಬಲ್ಲಿಟ್ಕೊಂಡು ಪ್ರೆಸ್ಸಿಗೆ ಓಡ್ತಿದ್ದ ಕಾಲ ಇತ್ತು. ಊರಿನ ಸ್ಮರಣ ಸಂಚಿಕೆ, ಯಾರದೋ ಪಿಎಚ್‌ಡಿ ಪ್ರಬಂಧ, ಅಚ್ಚಾಗದೇ ಉಳಿದ ಕಾದಂಬರಿ, ಎಲ್ಲ ಅದರಲ್ಲಿ. ಆ ಮೂರು ಡಬ್ಬದಲ್ಲಿ ಏನಿತ್ತು ಅಂತ ಇನ್ನು ಯಾರು ಹೇಳ್ತಾರೆ? ಗ್ರೀಸ್‌ವೀಸಲ್ ಅಂತ ಚಿಕ್ಕ ಬೋರ್ಡು ಸಿಗುತ್ತೆ, ಹಳೇ ಡ್ರೈವಿಗೆ ಜೋಡಿಸಿದ್ರೆ ಡಿಸ್ಕಿನ ಮೇಲಿರೋ ಕಾಂತದ ಗುರುತನ್ನ ಹಾಗ್ಹಾಗೇ ನಕಲು ತೆಗೆಯುತ್ತೆ. ಅದರ ವಿಡಿಯೊ ಈ ಚಾನೆಲಲ್ಲೇ ಇದೆ, ನೋಡಿಲ್ಲದಿದ್ರೆ ನೋಡಿ, ಸಬ್‌ಸ್ಕ್ರೈಬೂ ಮಾಡಿ. ಖಾಸಗಿ ಕಾಗದಪತ್ರ ಇದ್ರೆ ಪೂರ್ತಿ ಫಾರ್ಮ್ಯಾಟ್ ಮಾಡಿ ಕೊಡಿ. ಮುಗೀತಲ್ಲ, ಇನ್ನೇನು ತಕರಾರು?

ಅಂಚೆ ಖರ್ಚು ಅಂತೀರಾ? ಬೇಕಾದವರೇ ಕೊಡ್ತಾರೆ. ಮನೇಲಿ ಜಾಗ ಇಲ್ಲ ಅಂತೀರಾ? ಅದಕ್ಕೇ ಕೊಡಿ ಅಂತಿರೋದು! ನೀವು ಇಟ್ಕೊಳ್ಳಿ ಅಂತ ನಾನು ಒಂದು ಸಲವಾದ್ರೂ ಹೇಳಿದ್ನಾ? ಅಮೆರಿಕದ ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವರಿಗೂ ಹೇಳ್ತೀನಿ, ನಿಮ್ಮ ಗರಾಜಲ್ಲೂ ಡಬ್ಬ ಇದೆ, ನನಗೆ ಗೊತ್ತು. ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಲ್ಲಿ ಹಳೇ ಕಂಪ್ಯೂಟರ್ ಹವ್ಯಾಸಿಗಳ ಮೇಳ, ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್ ನಡೆದಾಗ ಹೊತ್ಕೊಂಡು ಹೋಗಿ. ಖಾಲಿ ಕೈಯಲ್ಲಿ ವಾಪಸ್ ಬರ್ತೀರಿ.

ಹೊಸದು ಬರಲ್ಲ. ಇನ್ನೆಷ್ಟು ಸಲ ಹೇಳ್ಲಿ? ಬರಲ್ಲ! ನಿಮ್ಮೂರು, ಎಷ್ಟು ಇಂಚಿನದು, ಡಿಡಿನೋ ಎಚ್‌ಡಿನೋ, ಎಷ್ಟು ಡಬ್ಬ, ಇಷ್ಟು ಕಾಮೆಂಟಲ್ಲಿ ಹಾಕಿ. ಫೋನ್ ನಂಬರ್ ಹಾಕ್ಬೇಡಿ. ಬೇಕಾದವರನ್ನ ನಾನೇ ಹುಡುಕಿ ಜೋಡಿಸ್ತೀನಿ.