ಕೈ ನೋಡು ಅಂದರೆ ಕಿವಿಗೊಟ್ಟ ಕಂಪ್ಯೂಟರ್

ಕೇಳುಗರಿಗೆ ನಮಸ್ಕಾರ.

ಮನುಷ್ಯರ ಕೈಸನ್ನೆ ಗುರುತಿಸಲು ಕಂಪ್ಯೂಟರ್‌ಗೆ ಒಂದು ಕ್ಯಾಮೆರಾ ಕೊಟ್ಟರೆ ಸಾಲದು. ಕತ್ತಲಾದರೆ ಅದಕ್ಕೆ ಏನೂ ಕಾಣದು. ಕೈ ಮುಖದ ಮುಂದೆ ಬಂದರೆ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಯಾವುದು ಬೆರಳು, ಯಾವುದು ಕೆನ್ನೆ?

2010ರಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟ್ ಎಂಬ ಸಾಧನ ತಂದಿತು. ವಿಡಿಯೊ ಗೇಮ್‌ಗೆಂದು ಮಾಡಿದ್ದು. ಅದರಲ್ಲಿ ಮಾಮೂಲಿ ಕ್ಯಾಮೆರಾ ಇತ್ತು, ನಾಲ್ಕು ಮೈಕ್ ಇದ್ದವು. ಜೊತೆಗೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಎದುರಿಗೆ ಚೆಲ್ಲಿ, ಯಾವ ವಸ್ತು ಎಷ್ಟು ದೂರ ಎಂದು ಅಳೆಯುವ ಸೆನ್ಸರ್. ಕತ್ತಲಲ್ಲೂ ಅದು ಕೆಲಸ ಮಾಡುತ್ತಿತ್ತು. ಬಿಸಿಲಿಗೆ ಬಂದರೆ ಮಾತ್ರ ತಡವರಿಸುತ್ತಿತ್ತು.

ಆಮೇಲೆ ರೇಡಾರೂ ಬಂತು. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನಲ್ಲಿ ಕೈಸನ್ನೆ ಗುರುತಿಸಲು ಸಣ್ಣ ರೇಡಾರ್ ಚಿಪ್ ಇಟ್ಟಿತು. ಅದು ಬಳಸುವ 60 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಹಾಗಾಗಿ ಆ ಫೋನ್ ಭಾರತದಲ್ಲಿ ಮಾರಾಟಕ್ಕೆ ಬರಲೇ ಇಲ್ಲ!

ಸೆನ್ಸರ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಅಷ್ಟು ಸುಲಭವಲ್ಲ.

2013ರಲ್ಲಿ ಚಾಲರ್ನ್ ಎಂಬ ಸಂಸ್ಥೆ ಒಂದು ಸ್ಪರ್ಧೆ ಇಟ್ಟಿತು. ಇಟಲಿಯವರು ಮಾತಿನ ನಡುವೆ ಮಾಡುವ 20 ಸನ್ನೆಗಳನ್ನು ಕಂಪ್ಯೂಟರ್ ಗುರುತಿಸಬೇಕು. ಹಸಿವು, ಬಲು ರುಚಿ, ನಿನಗೆ ತಲೆ ಕೆಟ್ಟಿದೆಯಾ, ಸಾಕಪ್ಪಾ ಸಾಕು, ಹೀಗೆ. 27 ಜನ ಸೇರಿ ಸುಮಾರು 14,000 ಸನ್ನೆ ಮಾಡಿ ತೋರಿಸಿದರು. ಕಿನೆಕ್ಟ್ ಎಲ್ಲವನ್ನೂ ದಾಖಲಿಸಿತು. ಆದರೆ ಅವರು ಸನ್ನೆ ಮಾಡುವಾಗ ಬಾಯಲ್ಲೂ ಅದನ್ನೇ ಹೇಳುತ್ತಿದ್ದರು! ಕಂಪ್ಯೂಟರ್‌ಗೆ ಅಷ್ಟೇ ಸಾಕಾಯಿತು. ಗೆದ್ದವರ ಕೈಹಿಡಿದದ್ದು ಮುಖ್ಯವಾಗಿ ಧ್ವನಿಯೇ. ಅದನ್ನು ತಪ್ಪು ಅನ್ನಲಾರೆ. ಸುಲಭದ ದಾರಿ ಇರುವಾಗ ಕಷ್ಟದ ದಾರಿ ಯಾರು ಹಿಡಿಯುತ್ತಾರೆ? ಮರುವರ್ಷ ಧ್ವನಿಯನ್ನೇ ತೆಗೆದುಹಾಕಿದರು.

ಆ 2014ರ ಸ್ಪರ್ಧೆ ಗೆದ್ದದ್ದು ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದ ನತಾಲಿಯಾ ನೆವರೋವಾ ಅವರ ತಂಡ. ಈ ತಂಡದವರು ಹೊಂದಿಸಿದ ಒಂದು ಉಪಾಯ ನನಗೆ ತುಂಬಾ ಇಷ್ಟ. ಕಲಿಸುವಾಗ ಆಗಾಗ ಯಾವುದೋ ಒಂದು ಸೆನ್ಸರಿನ ಮಾಹಿತಿಯನ್ನು ಬೇಕೆಂದೇ ಕೊಡದೆ ಇರುವುದು. ಒಮ್ಮೆ ಬಣ್ಣದ ಚಿತ್ರ ಇಲ್ಲ, ಇನ್ನೊಮ್ಮೆ ದೂರದ ಅಳತೆ ಇಲ್ಲ. ಒಳ್ಳೇ ಕುಸ್ತಿ ಗುರು ಶಿಷ್ಯನ ಬಲಗೈ ಕಟ್ಟಿ ಅಖಾಡಕ್ಕೆ ಇಳಿಸಿದ ಹಾಗೆ. ಹೀಗೆ ಕಲಿತ ಕಂಪ್ಯೂಟರ್ ಒಂದೇ ಸೆನ್ಸರಿಗೆ ಜೋತುಬೀಳುವುದಿಲ್ಲ. ಒಂದು ಕೆಟ್ಟರೂ ಉಳಿದವುಗಳಿಂದ ಕೆಲಸ ಸಾಗಿಸುತ್ತದೆ.

ಇನ್ನು ಸನ್ನೆ ಭಾಷೆ. ಅದು ಬೇರೆಯೇ ಲೋಕ. ಅಮೆರಿಕದಲ್ಲಿ 2016ರಲ್ಲಿ ಇಬ್ಬರು ವಿದ್ಯಾರ್ಥಿಗಳು ಸೆನ್ಸರ್ ಇರುವ ಕೈಗವಸು ಮಾಡಿ, ಸನ್ನೆಯನ್ನು ಮಾತಾಗಿಸುತ್ತೇವೆ ಎಂದು ಬಹುಮಾನ ಪಡೆದರು. ಕಿವುಡ ಸಮುದಾಯದಿಂದ ಟೀಕೆ ಬಂತು. ಯಾಕೆಂದರೆ ಅಮೆರಿಕದ ಸನ್ನೆ ಭಾಷೆಯಲ್ಲಿ ವ್ಯಾಕರಣ ಮುಖದಲ್ಲೂ ಇದೆ. ಹೌದು, ಇಲ್ಲ ಎಂಬ ಉತ್ತರದ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಏನು, ಯಾರು ಎಂದು ಕೇಳುವಾಗ ಕೆಳಗಿಳಿಯುತ್ತದೆ. ಗವಸು ಎಷ್ಟೇ ಚುರುಕಾಗಿದ್ದರೂ ಇದು ಅದಕ್ಕೆ ಸಿಗದು. ಮುಖಕ್ಕೊಂದು ಕ್ಯಾಮೆರಾ ಬೇಕೇ ಬೇಕು.

ನಮಸ್ಕಾರ.