ಮೇಷ್ಟ್ರನ್ನು ಬಲ್ಲ ಪೇದೆ

ಕೇಳುಗರೇ, ನಮಸ್ಕಾರ.

ಮೂರು ವರ್ಷದ ಹಿಂದಿನ ಆಷಾಢದ ಮಾತು. ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿತ್ತು. ನನ್ನ ತಂದೆಗೆ ಆಗ ಎಂಬತ್ತೊಂದು ವರ್ಷ, ಮರೆವಿನ ಕಾಯಿಲೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಹಾಸಿಗೆ ಖಾಲಿ, ಮುಂಬಾಗಿಲು ತೆರೆದಿದೆ, ಗೋಡೆಯ ಮೊಳೆಯಲ್ಲಿ ಛತ್ರಿ ಇಲ್ಲ. ನಾನೂ ನನ್ನ ಹೆಂಡತಿಯೂ ಟಾರ್ಚು ಹಿಡಿದು ಬಡಾವಣೆಯನ್ನೆಲ್ಲ ಸುತ್ತಿದೆವು. ಬೆಳಗಿನ ಐದೂವರೆಗೆ ಅವರು ಠಾಣೆಯೊಂದರ ಬೆಂಚಿನ ಮೇಲೆ ಸಿಕ್ಕರು. ಪಂಚೆಯೆಲ್ಲ ಕೆಸರು, ಮೈ ನಡುಗುತ್ತಿತ್ತು. ಗಸ್ತಿನಲ್ಲಿದ್ದವರು ಕುಡಿದವರೆಂದು ತಿಳಿದು ಜೀಪು ಹತ್ತಿಸಿದ್ದರು. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರ ಹೆಸರು ಹೇಳಿದರಂತೆ. ಅದು ಅವರು ಬಿಟ್ಟು ಬಂದು ಐವತ್ತು ವರ್ಷವಾದ ಊರು. ಸುಳ್ಳು ಹೇಳುತ್ತಿದ್ದಾರೆಂದು ಒಬ್ಬರು ಕುತ್ತಿಗೆಗೆ ಕೈ ಹಾಕಿ ಕೂರಿಸಿದ್ದರು.

ಮರುವರ್ಷದ ಮಳೆಗಾಲದಲ್ಲಿ ಮತ್ತೆ ಅದೇ ಆಯಿತು. ಆದರೆ ಈ ಸಲ ನಾವು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೇಟಿನ ಮುಂದೆ ಬೈಕಿನ ಸದ್ದು ಕೇಳಿಸಿತು. ಮುಂದೆ ಒಬ್ಬ ಪೇದೆ ತೊಪ್ಪೆಯಾಗಿ ನೆನೆದಿದ್ದರು. ಹಿಂದೆ ಕೂತ ಅಪ್ಪನ ಮೈಮೇಲೆ ಅವರ ಮಳೆಕೋಟು. “ಮೇಷ್ಟ್ರು ಊರಿಗೆ ಹೊರಟಿದ್ದರು. ಮೊದಲ ಬಸ್ಸು ಬೆಳಿಗ್ಗೆ ಆರಕ್ಕೆ, ಅಲ್ಲಿಯವರೆಗೆ ಮನೆಯಲ್ಲೇ ಕೂರೋಣ ಎಂದು ಹೇಳಿ ಕರೆದುಕೊಂಡು ಬಂದೆ” ಎಂದರು. ಅಪ್ಪ ಸಮಾಧಾನವಾಗಿದ್ದರು, ಬಸ್ಸಿಗೆ ಇನ್ನೂ ಹೊತ್ತಿದೆ ಎಂಬ ಸಮಾಧಾನ.

ಆ ಪೇದೆ ನಮ್ಮ ಬೀದಿಯ ಬೀಟ್, ಅಂದರೆ ಗಸ್ತಿನ ಪಾಲು, ನೋಡುತ್ತಿದ್ದವರು. ಕೆಲವು ತಿಂಗಳ ಹಿಂದೆ ಪುಸ್ತಕ ಹಿಡಿದು, ವಯಸ್ಸಾದವರಿರುವ ಮನೆಗಳನ್ನು ಗುರುತು ಹಾಕಿಕೊಳ್ಳಲು ಬಂದಿದ್ದರು. ಕಾಫಿ ಕುಡಿಯುವಾಗ ಅಪ್ಪ ಅವರಿಗೆ ಹದಿಮೂರರ ಮಗ್ಗಿ ಕೇಳಿದ್ದರು. ಆತ ಸಂಕೋಚವಿಲ್ಲದೆ ಎದ್ದು ನಿಂತು ಒಪ್ಪಿಸಿದ್ದರು.

ಎರಡು ರಾತ್ರಿಗಳ ನಡುವಿನ ಅಂತರ ಇಷ್ಟೇ. ಮೊದಲ ಸಲ ಬಂದವರು ದುಷ್ಟರೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರ ಕಣ್ಣಿಗೆ ಅಪ್ಪ ಕತ್ತಲೆಯಲ್ಲಿ ತೂರಾಡುವ ಯಾರೋ ಒಬ್ಬರು. ನಗರದ ಸುರಕ್ಷತೆ ಎಂದರೆ ಮೊದಲು ಪರಿಚಯ ಎಂದು ನನಗೆ ಮನದಟ್ಟಾದದ್ದು ಅಲ್ಲಿಂದ.

ನಮ್ಮ ಊರಿನಲ್ಲಿ ಪೊಲೀಸ್ ಎಂದರೆ ಕಣ್ಣ ಮುಂದೆ ಬರುವ ಚಿತ್ರ ಬೇರೆ. 2022ರ ಫೆಬ್ರವರಿಯಲ್ಲಿ ಒಬ್ಬ ಯುವಕನ ಕೊಲೆಯಾದ ಮೇಲೆ ಶಿವಮೊಗ್ಗ ಕರ್ಫ್ಯೂ ಕಂಡಿತು. 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಮೆರವಣಿಗೆಯ ದಿನ ಕಲ್ಲು ತೂರಾಟ, ಮತ್ತೆ ನಿಷೇಧಾಜ್ಞೆ. ಪಕ್ಕದ ಭದ್ರಾವತಿಯಲ್ಲಿ, ಗಲಭೆ ಹತ್ತಿಕ್ಕುವ ಕೇಂದ್ರದ ಕ್ಷಿಪ್ರ ಕಾರ್ಯಪಡೆಯ ಘಟಕಕ್ಕೆ 2021ರ ಜನವರಿಯಲ್ಲೇ ಅಡಿಗಲ್ಲು ಬಿದ್ದಿತ್ತು. ಗಣಪತಿ ಹಬ್ಬ, ಈದ್ ಮಿಲಾದ್ ಹತ್ತಿರ ಬಂದರೆ ವ್ಯಾನುಗಳು ಬಂದು ನಿಲ್ಲುತ್ತವೆ, ಪಥಸಂಚಲನ ನಡೆಯುತ್ತದೆ. ಅದು ಬೇಡ ಎಂದು ನಾನು ಹೇಳುತ್ತಿಲ್ಲ. ಕಲ್ಲು ಹಾರುವ ಹೊತ್ತಿಗೆ ಹೆಲ್ಮೆಟ್ಟು, ಲಾಠಿ ಬೇಕೇ ಬೇಕು. ಆದರೆ ಅಷ್ಟು ವ್ಯಾನುಗಳ ನಡುವೆಯೂ ಗಾಂಧಿ ಬಜಾರಿನಲ್ಲಿ ಒಂದು ಪುಕಾರು ಹಬ್ಬಿದರೆ ಏನಾಗುತ್ತದೆ, ನೀವು ನೋಡಿದ್ದೀರಿ. ಒಂದು ಅಂಗಡಿಯ ಷಟರ್ ಅರ್ಧ ಇಳಿಯುತ್ತದೆ. ಆ ಸದ್ದಿಗೆ ಪಕ್ಕದ್ದು, ಅದರ ಪಕ್ಕದ್ದು. ಹೂವಿನವಳು ಬುಟ್ಟಿಯ ಮೇಲೆ ಒದ್ದೆ ಗೋಣಿ ಎಳೆದು ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ಹತ್ತು ನಿಮಿಷದಲ್ಲಿ ಬೀದಿ ಖಾಲಿ. ಆ ಹೊತ್ತಿನಲ್ಲಿ ಅಂಗಡಿಯವರು ಫೋನ್ ಮಾಡಿ “ನಿಜವೇ ಇದು?” ಎಂದು ಕೇಳಬಹುದಾದ, ಅವರ ಮಾತನ್ನು ನಂಬಬಹುದಾದ ಒಬ್ಬ ಪೊಲೀಸ್ ಆ ಬೀದಿಗೆ ಇದ್ದರೆ, ಎಷ್ಟೋ ಷಟರುಗಳು ಇಳಿಯುವುದಿಲ್ಲ.

ಪೊಲೀಸ್ ವ್ಯವಸ್ಥೆ ಹೀಗೆ ದೂರ ನಿಂತದ್ದಕ್ಕೆ ಹಳೆಯ ಕಾರಣವಿದೆ. 1857ರ ದಂಗೆಯ ಬೆನ್ನಿಗೆ ಬ್ರಿಟಿಷರು ತಂದ 1861ರ ಪೊಲೀಸ್ ಕಾಯ್ದೆಗೆ ಬೇಕಾಗಿದ್ದದ್ದು ಜನರನ್ನು ಹದ್ದುಬಸ್ತಿನಲ್ಲಿ ಇಡುವ ಪಡೆ. 1942ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿದಾಗ, ಆ ಜನಕ್ಕೆ ಸರ್ಕಾರದ ಮುಖವಾಗಿ ಕಂಡದ್ದು ತಾಲ್ಲೂಕಿನ ಕಂದಾಯ ನೋಡುವ ಅಮಲ್ದಾರರೂ ಪೊಲೀಸರೂ. ಆ ಘರ್ಷಣೆಯಲ್ಲಿ ಅಧಿಕಾರಿಗಳ ಪ್ರಾಣ ಹೋಯಿತು, ಮರುವರ್ಷ ಐವರು ಗ್ರಾಮಸ್ಥರು ಗಲ್ಲಿಗೇರಿದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ರಾಜ್ಯಕ್ಕೆ ತನ್ನದೇ 1963ರ ಪೊಲೀಸ್ ಕಾಯ್ದೆ ಬಂದಿತು. ಠಾಣೆಯ ಮೆಟ್ಟಿಲು ಹತ್ತುವ ಬಡವನ ಎದೆಬಡಿತ ಮಾತ್ರ ಹಾಗೇ ಉಳಿಯಿತು.

2006ರ ಸೆಪ್ಟೆಂಬರ್‌ನಲ್ಲಿ, ಪೊಲೀಸ್ ಸುಧಾರಣೆ ಕೋರಿ ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ಕೊಟ್ಟಿತು. ತನಿಖೆ ಬೇರೆ, ಬಂದೋಬಸ್ತ್ ಬೇರೆ ಆಗಬೇಕು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು. ಪೊಲೀಸರ ಮೇಲಿನ ದೂರು ಕೇಳಲು ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು. ಕರ್ನಾಟಕವೂ 2012ರಲ್ಲಿ ಕಾಯ್ದೆ ತಿದ್ದಿ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ನನ್ನ ತಂದೆಯ ಆ ಮೊದಲ ರಾತ್ರಿಯ ನಂತರ ಇಂಥದ್ದೊಂದು ಬಾಗಿಲು ಇದೆ ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ. ಓದು ಬಲ್ಲ ನನಗೇ ಹೀಗಾದರೆ, ಕೂಲಿಗೆ ಬಂದು ಶೆಡ್ಡಿನಲ್ಲಿರುವವರ ಗತಿ ಏನು?

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಪೊಲೀಸರ ಕೆಲಸವಲ್ಲದ ಎಷ್ಟೋ ಕೆಲಸಗಳನ್ನು ನಾವು ಅವರ ತಲೆಗೆ ಕಟ್ಟಿದ್ದೇವೆ. ಬೀದಿಯಲ್ಲಿ ತನ್ನಷ್ಟಕ್ಕೆ ಮಾತನಾಡುತ್ತ ಅಲೆಯುವವರನ್ನು ಕಂಡರೆ ಠಾಣೆಗೆ ಫೋನ್ ಮಾಡುತ್ತೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿದೆ: ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾನೂನೇನೋ ಇದೆ, ಆದರೆ ರಾತ್ರಿ ಎರಡು ಗಂಟೆಗೆ ಒಬ್ಬ ಪೇದೆ ಅದನ್ನು ಒಂಟಿಯಾಗಿ ಹೇಗೆ ನಡೆಸಬೇಕು? ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಎಂಬ ಊರಿನಲ್ಲಿ 1989ರಿಂದ ಮೂರು ದಶಕಕ್ಕೂ ಮೀರಿ ಇಂಥ ಕರೆಗಳಿಗೆ ಆಯುಧವಿಲ್ಲದ ಇಬ್ಬರನ್ನು ಕಳಿಸುತ್ತಿದ್ದರು, ಒಬ್ಬರು ಆರೋಗ್ಯ ಸೇವೆಯವರು, ಇನ್ನೊಬ್ಬರು ಸಂಕಟದಲ್ಲಿರುವವರ ಜೊತೆ ಮಾತನಾಡಲು ಪಳಗಿದವರು. ಮೆಗ್ಗಾನ್ ಆಸ್ಪತ್ರೆ ಇರುವ ನಮ್ಮ ಊರಿನಲ್ಲಿ, ರಾತ್ರಿಯ ಗಸ್ತಿನ ಜೊತೆಗೆ ಒಬ್ಬ ಶುಶ್ರೂಷಕರನ್ನು ಜೋಡಿಸುವುದು ಆಗದ ಕೆಲಸವೇ? ಹಾಗೆಯೇ, ಕೆಟ್ಟು ನಿಂತ ಬೀದಿದೀಪದ ಕೆಳಗೆ ಹೆಣ್ಣುಮಕ್ಕಳು ಹೆದರಿ ನಡೆಯುತ್ತಾರೆಂದರೆ ಅಲ್ಲಿ ಮೊದಲು ಬರಬೇಕಾದವರು ಪಾಲಿಕೆಯ ಲೈನ್‌ಮನ್. ಗಾಂಜಾಕ್ಕೆ ಸಿಕ್ಕಿದ ಹುಡುಗನಿಗೆ ಪ್ರಕರಣದ ಜೊತೆಗೆ ವೈದ್ಯರೂ ಬೇಕು.

ಪೇದೆಗಳ ಬದುಕನ್ನೂ ನೋಡಬೇಕು. ನಮ್ಮ ಬೀಟಿನ ಆ ಪೇದೆಯನ್ನು ಹಬ್ಬಕ್ಕೊಂದು ಊರಿಗೆ, ಚುನಾವಣೆಗೊಂದು ಊರಿಗೆ ಬಂದೋಬಸ್ತಿಗೆ ಕಳಿಸುತ್ತಿದ್ದರು. ವಾರದ ರಜೆ ಎಷ್ಟೋ ಸಲ ಕಾಗದದ ಮೇಲೆ ಉಳಿಯುತ್ತಿತ್ತು. ಒಮ್ಮೆ ನಮ್ಮ ಜಗುಲಿಯಲ್ಲಿ ಬೂಟು ಕಳಚಿದಾಗ ಕಾಲಿನ ಬೆರಳುಗಳ ಸಂದು ಮಳೆನೀರಿಗೆ ಬೆಳ್ಳಗೆ ಬೆಂದಂತಾಗಿತ್ತು. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ತಂದುಕೊಟ್ಟಳು. ಅಷ್ಟು ದಣಿದ ಮನುಷ್ಯನಿಂದ ಸಹನೆಯನ್ನು ಕೇಳುವ ಮೊದಲು ಆತನಿಗೆ ನಿದ್ದೆ ಕೊಡಬೇಕು. ಕಳೆದ ವರ್ಷ ಅವರಿಗೆ ವರ್ಗವಾಯಿತು. ಪುಸ್ತಕ ಹೊಸಬರ ಕೈಗೆ ಹೋಯಿತು, ಹದಿಮೂರರ ಮಗ್ಗಿ ಯಾವ ಪುಸ್ತಕದಲ್ಲೂ ಇರಲಿಲ್ಲ.

2025ರಲ್ಲಿ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷ ಪೇದೆಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಟೋಪಿ ಬಂದಿತು. ಎರಡೂ ನನಗೆ ಸಂತೋಷ ತಂದಿವೆ. ಆದರೆ ಮನೆಗೆ ಒಮ್ಮೆ ಬಂದು ಮೊಬೈಲ್ ಸಂಖ್ಯೆ ಬರೆದುಕೊಂಡು ಹೋದರೆ ಪರಿಚಯವಾಗುವುದಿಲ್ಲ. ಬೀಟ್ ಪೇದೆಯನ್ನು ಕನಿಷ್ಠ ಎರಡು ಮಳೆಗಾಲ ಅದೇ ಬೀದಿಯಲ್ಲಿ ಉಳಿಸಬೇಕು. ಅವರು ಅಗ್ರಹಾರದ ಬೀದಿಗೆ ಹೋದಷ್ಟೇ ಸಲ ಮಸೀದಿಯ ಬೀದಿಗೂ, ಕೊಳೆಗೇರಿಗೂ ಹೋಗಬೇಕು. ಹೋದಾಗ ಕೇಳುವ ಮೊದಲ ಪ್ರಶ್ನೆ “ನಿಮಗೇನು ತೊಂದರೆ?” ಎಂದಿರಬೇಕು. ಅನುಮಾನದ ಪಟ್ಟಿ ಹಿಡಿದು ಹೋದರೆ ಬಾಗಿಲು ತೆರೆಯುತ್ತದೆ, ಬಾಯಿ ತೆರೆಯುವುದಿಲ್ಲ.

ನಿಮ್ಮ ಬೀದಿಯಲ್ಲಿ ಬೀಟ್ ಸಭೆ ಕರೆದರೆ ದಯವಿಟ್ಟು ಹೋಗಿ. ಪೇದೆಯ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಮನೆಯಲ್ಲಿ ಮರೆವಿನವರಿದ್ದರೆ ಮುಚ್ಚಿಡದೆ ತಿಳಿಸಿ. ಠಾಣೆಗೆ ದೂರು ಒಯ್ದಾಗ “ಅದು ನಮ್ಮ ಸರಹದ್ದಲ್ಲ” ಎಂದರೆ ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧವಾದರೆ, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಬರೆಸಬಹುದು. ಅದರ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು.

ಹೊಸ ಪೇದೆ ಹೋದ ತಿಂಗಳು ನಮ್ಮ ಮನೆಗೂ ಬಂದಿದ್ದರು. ತೀರ ಚಿಕ್ಕ ವಯಸ್ಸು, ಹೊಸನಗರದ ಕಡೆಯವರು. ಅಪ್ಪನನ್ನು ಜಗುಲಿಗೆ ಕರೆತಂದು, ಇವರ ಮುಖ ನೋಡಿಟ್ಟುಕೊಳ್ಳಿ ಎಂದೆ. ಅವರು ಟೋಪಿ ತೆಗೆದು ಪಕ್ಕದಲ್ಲಿಟ್ಟು ಅಪ್ಪನ ಹತ್ತಿರ ಕೂತರು. ನಮಸ್ಕಾರ.