65 ವ್ಯಾಟ್ ಇದ್ದರೂ ಸಾಲದ ಚಾರ್ಜರ್

ನೀವೀಗ ನೋಡುತ್ತಿರುವುದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ, ಎಸ್‌ಪಿ ರೋಡ್. ವಿಡಿಯೋ ಅಲುಗಾಡಿದರೆ ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ನಿಂತು ಶೂಟ್ ಮಾಡಲು ಜಾಗವೇ ಇಲ್ಲ. ಮುಂದೆ ನಡೆಯುತ್ತಿರುವವನು ನಮ್ಮ ಬೀದಿಯ ಡಿಪ್ಲೊಮಾ ಹುಡುಗ. ಪ್ರಾಜೆಕ್ಟ್‌ಗೆ ರಾಸ್ಪ್‌ಬೆರಿ ಪೈ 5 ಬೇಕಂತೆ, ಅಂಗೈಯಗಲದ ಬೋರ್ಡಿನಲ್ಲೇ ಇಡೀ ಕಂಪ್ಯೂಟರ್.

ಅಂಗಡಿಯಲ್ಲಿ ಆಗಲೇ ಇಬ್ಬರು ವಾದ ಮಾಡುತ್ತಿದ್ದರು. ಒಬ್ಬರು ಬೇರೆ ಕಂಪನಿಯ ಇಂಥದೇ ಬೋರ್ಡ್ ಆರೆಂಜ್ ಪೈ 5 ಕಡೆ. ‘ಇದರಲ್ಲಿ ಎಂಟು ಕೋರ್ ಇದೆ ಸರ್, ಅದರಲ್ಲಿ ಬರೀ ನಾಲ್ಕು’ ಅಂತ. ಕೋರ್ ಅಂದರೆ ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ. ಲೆಕ್ಕ ಸರಿ. ಆದರೆ ಆ ಎಂಟರಲ್ಲಿ ನಾಲ್ಕು ದೊಡ್ಡ ಕೋರ್, ಇನ್ನು ನಾಲ್ಕು ಕರೆಂಟ್ ಉಳಿಸುವ ಚಿಕ್ಕ ಕೋರ್. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಸಾಫ್ಟ್‌ವೇರ್. ಆ ಬೋರ್ಡಿನ ಆರ್‌ಕೆ3588ಎಸ್ ಚಿಪ್‌ಗೆ ಓಎಸ್‌ನ ತಿರುಳಾದ ಮೂಲ ಲಿನಕ್ಸ್ ಕರ್ನಲ್‌ನಲ್ಲಿ ಬೆಂಬಲ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಂತು. ಈ ಕಡೆ ನೋಡಿ, 2012ರಲ್ಲಿ ಬಂದ ಮೊದಲ ಪೈ, 256 ಎಂಬಿ ರ‍್ಯಾಮ್‌ನದು, ಅದರ ಮೇಲೂ ರಾಸ್ಪ್‌ಬೆರಿ ಪೈ ಓಎಸ್‌ನ 32 ಬಿಟ್ ಆವೃತ್ತಿ ಇವತ್ತಿಗೂ ಓಡುತ್ತದೆ. ವೇಗ ಕಮ್ಮಿ, ಅದು ಬೇರೆ ಮಾತು.

ಸರಿ, ಬೋರ್ಡ್ ಆರಿಸಿದ್ದಾಯಿತು. ಆಮೇಲೆ ಹುಡುಗನ ಪ್ರಶ್ನೆ. ‘ಅಣ್ಣಾ, ಮನೇಲಿ 65 ವ್ಯಾಟ್ ಚಾರ್ಜರ್ ಇದೆ. ಪೈ 5ರ ಈ 27 ವ್ಯಾಟ್ ಅಡಾಪ್ಟರ್‌ಗೆ ಯಾಕೆ ದುಡ್ಡು ಕೊಡಬೇಕು?’

ಒಳ್ಳೆಯ ಪ್ರಶ್ನೆ. ಪೈ 5 ಕೇಳುವುದು 5 ವೋಲ್ಟ್, 5 ಆಂಪ್. ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ ಆ 65 ವ್ಯಾಟ್ ಕೊಡುವುದು 20 ವೋಲ್ಟ್‌ನಲ್ಲಿ. 5 ವೋಲ್ಟ್‌ಗೆ ಇಳಿದರೆ ಸಾಮಾನ್ಯವಾಗಿ 3 ಆಂಪ್‌ಗೇ ನಿಲ್ಲುತ್ತದೆ, ಅಂದರೆ 15 ವ್ಯಾಟ್. 5ಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಪೈ ಕೇಳುವುದೇ ಇಲ್ಲ. ಹಾಗಂತ ಬೋರ್ಡ್ ಸತ್ತು ಹೋಗುವುದಿಲ್ಲ, ಆನ್ ಆಗುತ್ತದೆ. ಆದರೆ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. ಸರಿಯಾದ ಅಡಾಪ್ಟರ್ ಇದ್ದರೆ 1.6 ಆಂಪ್. ಕೀಬೋರ್ಡ್, ಮೌಸ್‌ಗೆ 600 ಸಾಕು. ಹಾರ್ಡ್ ಡಿಸ್ಕ್ ಸಿಕ್ಕಿಸಿದಿರೋ, ಅದು ತಿರುಗಲು ಶುರು ಮಾಡಿ, ನಿಂತು, ಮತ್ತೆ ಶುರು ಮಾಡಿ ತಲೆ ತಿನ್ನುತ್ತದೆ. ಆಗ ಎಲ್ಲರೂ ಬೈಯುವುದು ಡಿಸ್ಕನ್ನೇ.

ಜೊತೆಗೆ ಬೋರ್ಡಿನ ಮೇಲೆ ಕೂರಿಸುವ, ಫ್ಯಾನ್ ಇರುವ ಪುಟ್ಟ ಕೂಲರ್ ತಗೊಂಡೆವು. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಮನೆಯಲ್ಲಿ ಇಡುವವರಿಗೆ ಬೇಕೇ ಬೇಕು. ಚಿಪ್ 80 ಡಿಗ್ರಿ ದಾಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಈಗ ಮನೆ. ಎಲ್‌ಇಡಿ ಮಿನುಗಿಸುವ ಕೆಲಸ. ಹುಡುಗ ಸೀನಿಯರ್ ಕೊಟ್ಟ ಹಳೆಯ ಕೋಡ್ ಹಾಕಿದ, ಎರರ್ ಬಂತು. ವೈರ್ ಬದಲಾಯಿಸಿದ, ಎಲ್‌ಇಡಿ ತಿರುಗಿಸಿ ಹಾಕಿದ. ಪಾಪ, ಅವನ ತಪ್ಪೇನೂ ಇಲ್ಲ. ಹಿಂದಿನ ಪೈಗಳಲ್ಲಿ ಎಲ್‌ಇಡಿ, ಸೆನ್ಸರ್ ವೈರ್ ಸಿಕ್ಕಿಸುವ ಆ 40 ಪಿನ್‌ಗಳ ಜಿಪಿಐಒ ಸಾಲು ಮುಖ್ಯ ಚಿಪ್‌ಗೇ ಸೇರಿತ್ತು. ಪೈ 5ರಲ್ಲಿ ಆ ಕೆಲಸ ಆರ್‌ಪಿ1 ಅನ್ನುವ ಬೇರೆ ಚಿಪ್‌ಗೆ ಹೋಗಿದೆ, ಪೈ ಕಂಪನಿಯೇ ವಿನ್ಯಾಸ ಮಾಡಿದ ಚಿಪ್. ಹಳೆಯ ಆರ್‌ಪಿಐ-ಜಿಪಿಐಒ ಲೈಬ್ರರಿ, ಅಂದರೆ ಪಿನ್‌ಗಳ ಜೊತೆ ಮಾತಾಡುವ ಸಿದ್ಧ ಕೋಡ್, ಇನ್ನೂ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಜಿಪಿಐಒ-ಝೀರೋ ಲೈಬ್ರರಿಯಲ್ಲಿ ನಾಲ್ಕು ಸಾಲು ಬರೆದೆವು, ಮಿನುಗಿತು ನೋಡಿ. ಕೋಡ್ ಪೂರ್ತಿ ಬದಲಾಯಿಸಲು ಸೋಮಾರಿತನ ಆದರೆ ಆರ್‌ಪಿಐ-ಎಲ್‌ಜಿಪಿಐಒ ಹಾಕಿಕೊಳ್ಳಿ, ಹಳೆಯ ಕೋಡ್ ಹೆಚ್ಚುಕಡಿಮೆ ಹಾಗೇ ಓಡುತ್ತದೆ.

ಇನ್ನೊಂದು ಖುಷಿಯ ವಿಷಯ. ಪೈ ಓಎಸ್ ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಕಟ್ಟಿದ್ದು. ಹಾಗಾಗಿ ಗುಬ್ಬಿ, ನವಿಲು ಅನ್ನುವ ನಮ್ಮ ಕನ್ನಡ ಫಾಂಟ್‌ಗಳು ಒಂದೇ ಕಮಾಂಡ್‌ಗೆ ಬರುತ್ತವೆ. ಹುಡುಗ ಪ್ರಾಜೆಕ್ಟ್ ಪರದೆಯಲ್ಲಿ ‘ತಾಪಮಾನ’ ಅಂತ ಕನ್ನಡದಲ್ಲೇ ಹಾಕಿದ್ದಾನೆ. ಗೈಡ್ ಒಪ್ಪುತ್ತಾರೋ ಇಲ್ಲವೋ, ನನಗಂತೂ ಇಷ್ಟವಾಯಿತು.

ರ‍್ಯಾಮ್ ಎಷ್ಟು ತಗೊಂಡಿರಿ ಅಂತ ಕೇಳುತ್ತೀರಿ, ಅಲ್ವಾ? 4 ಜಿಬಿ. 16 ಜಿಬಿಯದೂ 2025ರಲ್ಲಿ ಬಂದಿದೆ, ಆದರೆ ಸೆನ್ಸರ್ ಓದಿ ಪರದೆಗೆ ಬರೆಯುವ ಕೆಲಸಕ್ಕೆ ಅದು ಸುಮ್ನೆ ದುಡ್ಡು ಜಾಸ್ತಿ. ಮನೆಯಲ್ಲಿ ಪೈ 4 ಇಟ್ಟುಕೊಂಡು ಜಾಹೀರಾತು ತಡೆಯುವ ಪೈ-ಹೋಲ್ ಓಡಿಸುತ್ತಿರುವವರಿಗೆ ಪೈ 5 ಬೇಡವೇ ಬೇಡ. ಉಳಿದ ದುಡ್ಡಲ್ಲಿ ಒಳ್ಳೆಯ ಎಸ್‌ಡಿ ಕಾರ್ಡ್ ತಗೊಳ್ಳಿ. ಕರೆಂಟ್ ಹೋಗಿ ಬಂದಾಗ ಮೊದಲು ಕೈಕೊಡುವುದು ಅದೇ.